ಹಳೆಯ ಆಟವನ್ನೇ ಆಡುತ್ತೇವೆಂದರೆ ಏಕೆ ಬಿಡುವುದಿಲ್ಲ?

ಓದುಗರ ಪ್ರಶ್ನೆ: ನಮ್ಮದು ಇಳಕಲ್. ಮನೆಯಲ್ಲಿ ಎರಡು ಮಗ್ಗಗಳಿವೆ, ಇಬ್ಬರು ಗಂಡುಮಕ್ಕಳಿದ್ದಾರೆ. ಇಬ್ಬರಿಗೂ ಮೊಬೈಲಿನಲ್ಲಿ ನೂರು ಜನ ಒಟ್ಟಿಗೆ ಆಡುವ ಬಂದೂಕಿನ ಆಟದ ಹುಚ್ಚು. ಕೆಲವು ವಾರಗಳಿಗೊಮ್ಮೆ ಅಪ್‌ಡೇಟ್ ಬರುತ್ತದೆ. ಅದು ಇಳಿದು ಮುಗಿಯುವಷ್ಟರಲ್ಲಿ ಆ ದಿನದ ಡೇಟಾ ಖಾಲಿ. ಕಳೆದ ಸಲ ದೊಡ್ಡವನ ಫೋನಿಗೆ ಮೊದಲು ಬಂತು, ಚಿಕ್ಕವನದಕ್ಕೆ ಮರುದಿನ. ಒಂದು ದಿನ ಇಬ್ಬರೂ ಜೊತೆಯಾಗಿ ಆಡಲಾಗದೆ ಮನೆಯೆಲ್ಲ ರಗಳೆ. ಹಳೆಯ ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಅದನ್ನೇ ಆಡುತ್ತೇವೆಂದರೆ ಏಕೆ ಬಿಡುವುದಿಲ್ಲ? ಇನ್ನೊಂದು: ಫೋನಿನಲ್ಲಿ ಎರಡು ಜಿಬಿ ಖಾಲಿ ಇದ್ದರೂ ಒಂದು ಜಿಬಿಯ ಅಪ್‌ಡೇಟಿಗೆ ಜಾಗ ಸಾಲದು ಎನ್ನುತ್ತದೆ. ಇದು ಯಾವ ಲೆಕ್ಕ?

ಉತ್ತರ: ಮೊದಲನೆಯದಕ್ಕೆ ಚಿಕ್ಕ ಉತ್ತರವೆಂದರೆ, ನಿಮ್ಮ ಮಕ್ಕಳ ಫೋನಿನಲ್ಲಿರುವುದು ಅರ್ಧ ಆಟ ಮಾತ್ರ. ಇನ್ನರ್ಧ ಕಂಪನಿಯ ಸರ್ವರ್‌ನಲ್ಲಿದೆ, ಅಂದರೆ ಎಲ್ಲರ ಆಟವನ್ನೂ ಒಟ್ಟಿಗೆ ನಡೆಸುವ ದೂರದ ಕಂಪ್ಯೂಟರಿನಲ್ಲಿ. ಅಲ್ಲಿ ಬದಲಾದ ದಿನ ಇಲ್ಲಿಯೂ ಬದಲಾಗಲೇಬೇಕು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಕಂಪನಿಗಳ ಪರವಾಗಿ ವಕಾಲತ್ತು ಹಾಕಿದಂತಾಗುತ್ತದೆ. ನೀವು ಪಡುತ್ತಿರುವ ಕಾಟದಲ್ಲಿ ಒಂದಷ್ಟು ಅನಿವಾರ್ಯ, ಒಂದಷ್ಟು ವ್ಯಾಪಾರ, ಉಳಿದದ್ದು ಬರೀ ಉದಾಸೀನ.

ಅನಿವಾರ್ಯವಾದದ್ದು ಯಾವುದೆಂದು ನನಗೆ ತಿಳಿದದ್ದು 2005ರ ಸುಮಾರಿಗೆ. ವಿಜಯಪುರದ ಗಾಂಧಿ ಚೌಕದ ಬಳಿ ಒಂದು ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದೆ. ಊರಿನ ಹೆಸರು ಆಗಿನ್ನೂ ಬಿಜಾಪುರ. ಆರು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿಕೊಂಡು ಕಾಲೇಜು ಹುಡುಗರು ಏಜ್ ಆಫ್ ಎಂಪೈರ್ಸ್ 2 ಎಂಬ ಯುದ್ಧದ ಆಟ ಆಡುತ್ತಿದ್ದರು. ಒಮ್ಮೆ ಒಂದು ಕಂಪ್ಯೂಟರ್ ಕೆಟ್ಟಿತು. ರಿಪೇರಿ ಮಾಡಿಸಿ, ಕೈಗೆ ಸಿಕ್ಕ ಬೇರೊಂದು ಸಿಡಿಯಿಂದ ಆಟ ಹಾಕಿದೆ. ಒಬ್ಬನೇ ಕೂತು ಆಡಿದರೆ ಸಲೀಸಾಗಿ ನಡೆಯಿತು. ಉಳಿದ ಐವರ ಜೊತೆ ಸೇರಲು ಹೋದರೆ ಮಾತ್ರ ಒಲ್ಲೆ ಎಂದಿತು. ಆ ಸಿಡಿಯಲ್ಲಿದ್ದದ್ದು ಪ್ಯಾಚ್, ಅಂದರೆ ಆಮೇಲೆ ಬಂದ ತಿದ್ದುಪಡಿ, ಹಾಕದ ಹಳೆಯ ಆವೃತ್ತಿ ಎಂದು ಪತ್ತೆ ಹಚ್ಚಲು ನನಗೆ ಅರ್ಧ ದಿನ ಹಿಡಿಯಿತು. ಆ ಅರ್ಧ ದಿನದ ಬಾಡಿಗೆಯೂ ಹೋಯಿತು.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಆ ಆಟದಲ್ಲಿ ನೂರಾರು ಸೈನಿಕರು ಎಲ್ಲೆಲ್ಲಿದ್ದಾರೆ ಎಂಬುದನ್ನು ತಂತಿಯ ಮೇಲೆ ಕಳುಹಿಸುವುದೇ ಇಲ್ಲ. ಫೋನ್ ತಂತಿಯ ಮೂಲಕ ಇಂಟರ್ನೆಟ್ಟಿಗೆ ಜೋಡಿಸುತ್ತಿದ್ದ ಅಂದಿನ ಮೋಡೆಮ್‌ಗಳಿಗೆ ಅಷ್ಟು ಹೊರುವ ತಾಕತ್ತು ಇರಲಿಲ್ಲ. ‘ಇವರನ್ನು ಅಲ್ಲಿಗೆ ನಡೆಸು’ ಎಂಬ ಆಜ್ಞೆಯಷ್ಟೇ ಎಲ್ಲರಿಗೂ ತಲುಪುತ್ತದೆ. ಮುಂದಿನದನ್ನು ಆರೂ ಕಂಪ್ಯೂಟರುಗಳು ತಮ್ಮ ಪಾಡಿಗೆ ತಾವು ಲೆಕ್ಕ ಹಾಕಿ ಒಂದೇ ಉತ್ತರಕ್ಕೆ ಬರಬೇಕು. ಒಂದರಲ್ಲಿ ಬಿಲ್ಲುಗಾರನ ಬಲ ನಾಲ್ಕು, ಇನ್ನೊಂದರಲ್ಲಿ ಐದು ಎಂದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬನ ಪರದೆಯಲ್ಲಿ ಸತ್ತ ಸೈನಿಕ ಇನ್ನೊಬ್ಬನ ಪರದೆಯಲ್ಲಿ ಕೋಟೆ ಒಡೆಯುತ್ತಿರುತ್ತಾನೆ. ಹಾಗಾಗುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಮೇಲು.

ಈಗಿನ ಆಟಗಳಲ್ಲಿ ಲೆಕ್ಕದ ಹೆಚ್ಚಿನ ಪಾಲು ಸರ್ವರ್‌ನದು. ಫೋನಿನ ಪಾಲಿಗೆ ಉಳಿಯುವುದು ಚಿತ್ರ ತೋರಿಸುವ ಮತ್ತು ಬೆರಳಿನ ಚಲನೆಯನ್ನು ವರದಿ ಮಾಡುವ ಕೆಲಸ. ಆದರೂ ಬಾಗಿಲಿನ ತಪಾಸಣೆ ತಪ್ಪಿಲ್ಲ. ಇದನ್ನು ಇಳಕಲ್ಲಿನವರಿಗೆ ಬಿಡಿಸಿ ಹೇಳುವುದು ಸುಲಭ. ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತೀರಿ. ಸೆರಗಿನ ಎಳೆಗಳ ಲೆಕ್ಕವನ್ನು ಬದಲಾಯಿಸಿ ಒಡಲನ್ನು ಹಾಗೆಯೇ ಬಿಟ್ಟರೆ ಕೊಂಡಿ ಕೂಡುವುದಿಲ್ಲ. ಫೋನಿಗೂ ಸರ್ವರ್‌ಗೂ ನಡುವೆ ಸೆಕೆಂಡಿಗೆ ಹತ್ತಾರು ಸಲ ಓಡಾಡುವ ಸಂದೇಶಗಳು ಹಾಗೆಯೇ ಎಣಿಸಿಟ್ಟ ಎಳೆಗಳು. ಮೊದಲು ಆಟಗಾರನ ಸಂಖ್ಯೆ, ಆಮೇಲೆ ಅವನು ಮುಖ ಮಾಡಿರುವ ದಿಕ್ಕು, ಆಮೇಲೆ ಅವನ ಕೈಯಲ್ಲಿರುವ ಆಯುಧದ ಸಂಖ್ಯೆ ಎಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಹೊಸ ಪ್ಯಾಚಿನಲ್ಲಿ ನಲವತ್ತೊಂದನೆಯ ಬಂದೂಕು ಬಂತೆನ್ನಿ. ನಲವತ್ತನ್ನು ಮಾತ್ರ ಬಲ್ಲ ಹಳೆಯ ಫೋನಿಗೆ ‘ಎದುರಾಳಿಯ ಕೈಯಲ್ಲಿ ನಲವತ್ತೊಂದು’ ಎಂಬ ಸುದ್ದಿ ತಲುಪಿದರೆ ಅದು ಏನನ್ನು ಬಿಡಿಸಬೇಕು? ಅದಕ್ಕೇ ಆಟ ತೆರೆದ ಕೂಡಲೇ ಸರ್ವರ್ ಮೊದಲು ಆವೃತ್ತಿಯ ಸಂಖ್ಯೆಯನ್ನು ಕೇಳುತ್ತದೆ.

ಅಣ್ಣತಮ್ಮಂದಿರ ಜಗಳಕ್ಕೂ ಬೇರು ಇಲ್ಲಿಯೇ ಇದೆ. ಹೊಸ ಆವೃತ್ತಿಯನ್ನು ಎಲ್ಲರಿಗೂ ಒಂದೇ ಸಲ ಬಿಡದೆ ಕಂತುಗಳಲ್ಲಿ ಬಿಡಲು ಪ್ಲೇ ಸ್ಟೋರ್ ಅವಕಾಶ ಕೊಡುತ್ತದೆ. ಮೊದಲು ಶೇಕಡಾ ಇಷ್ಟು ಜನರಿಗೆ ಕೊಟ್ಟು, ಎಷ್ಟು ಫೋನುಗಳಲ್ಲಿ ಆಟ ಕುಸಿದು ಬೀಳುತ್ತದೆ ಎಂದು ನೋಡಿ, ಆಮೇಲೆ ಉಳಿದವರಿಗೆ. ನಿಮ್ಮ ದೊಡ್ಡ ಮಗ ಮೊದಲ ಕಂತಿನಲ್ಲಿ ಬಿದ್ದಿರಬೇಕು. ಅಂದರೆ, ಒಪ್ಪಿಕೊಳ್ಳಲಿ ಬಿಡಲಿ, ಅವನು ಪರೀಕ್ಷೆಯ ಸಾಮಗ್ರಿ. ದೋಷ ಕಂಡರೆ ವಿತರಣೆಯನ್ನು ನಿಲ್ಲಿಸಬಹುದೇ ಹೊರತು ಈಗಾಗಲೇ ಇಳಿಸಿಕೊಂಡವರನ್ನು ಹಿಂದಕ್ಕೆ ಕರೆತರಲಾಗದು. ಅಲ್ಲಿ ಆವೃತ್ತಿಯ ಸಂಖ್ಯೆ ಮೇಲೇರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ತಪ್ಪನ್ನು ತಿದ್ದಲು ಇನ್ನೊಂದು ಪ್ಯಾಚ್. ಎರಡು ದಿನಗಳಲ್ಲಿ ಎರಡು ಅಪ್‌ಡೇಟ್ ಬಂದವೆಂದರೆ ಮೊದಲನೆಯದರಲ್ಲಿ ಏನೋ ಎಡವಟ್ಟಾಗಿದೆ ಎಂದೇ ತಿಳಿಯಿರಿ.

ಪ್ಯಾಚ್ ಎಂದರೆ ತೇಪೆ. ಮಾತಿನ ಅಲಂಕಾರವಲ್ಲ, ನಿಜವಾದ ತೇಪೆ. ಮೊದಲ ಕಾಲದ ಕಂಪ್ಯೂಟರುಗಳಿಗೆ ರಂಧ್ರ ಕೊರೆದ ಕಾಗದದ ಪಟ್ಟಿಯಲ್ಲಿ ಪ್ರೋಗ್ರಾಂ ಉಣಿಸುತ್ತಿದ್ದರು; ತಪ್ಪಾದ ರಂಧ್ರದ ಮೇಲೆ ಕಾಗದದ ತುಂಡು ಅಂಟಿಸಿ ಸರಿಪಡಿಸುತ್ತಿದ್ದರು. ಹಲವು ವರ್ಷ ನಡೆದ ಆಟವೊಂದು ನಮ್ಮ ಕಡೆಯ ಕೌದಿಯ ಹಾಗೆ ಆಗಿರುತ್ತದೆ. ಮೂಲ ಬಟ್ಟೆ ಯಾವುದು, ಆಮೇಲೆ ಸೇರಿಸಿದ ತುಂಡು ಯಾವುದು ಎಂದು ಹೊಲಿದವರಿಗೂ ಹೇಳಲಾಗದು.

ಇಷ್ಟೊಂದು ತೇಪೆ ಬೇಕೇ? ಕೆಲವು ಬೇಕೇ ಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ 2005ರ ಸೆಪ್ಟೆಂಬರಿನಲ್ಲಿ ನಡೆದದ್ದನ್ನು ಕೇಳಿ. ಹೊಸ ಪ್ಯಾಚಿನಲ್ಲಿ ಹಕ್ಕಾರ್ ಎಂಬ ರಾಕ್ಷಸ ಬಂದ. ಅವನ ಶಾಪ ತಗುಲಿದವನ ರಕ್ತ ಕೆಡುತ್ತಿತ್ತು, ಹತ್ತಿರ ನಿಂತವರಿಗೂ ಹರಡುತ್ತಿತ್ತು. ಅವನಿದ್ದ ಗುಡಿಯ ಒಳಗೆ ಮಾತ್ರ ಇರಬೇಕಾದ ರೋಗ ಅದು. ಆದರೆ ಬೇಟೆಗಾರರು ಸಾಕಿದ ಪ್ರಾಣಿಗಳನ್ನು ತಯಾರಕರು ಮರೆತಿದ್ದರು. ಸೋಂಕು ತಗುಲಿದ ಪ್ರಾಣಿಯನ್ನು ಅಲ್ಲಿಯೇ ಮರೆಮಾಡಿ, ಪಟ್ಟಣಕ್ಕೆ ಬಂದು ಮತ್ತೆ ಕರೆದರೆ ರೋಗವೂ ಅದರ ಜೊತೆ ಬರುತ್ತಿತ್ತು. ಪಟ್ಟಣದ ಅಂಗಡಿಕಾರರು, ಅಂದರೆ ಕಂಪ್ಯೂಟರೇ ನಡೆಸುವ ಪಾತ್ರಗಳು, ತಾವು ಸಾಯದೆ ಬಂದವರಿಗೆಲ್ಲ ರೋಗ ಅಂಟಿಸಿದರು. ಹೊಸದಾಗಿ ಸೇರಿದ ದುರ್ಬಲ ಆಟಗಾರರು ಹಾದಿಬೀದಿಗಳಲ್ಲಿ ಬಿದ್ದರು. ಕೆಲವರು ಬೇಕೆಂದೇ ಹರಡಿದರು, ಕೆಲವರು ಊರು ಬಿಟ್ಟು ಓಡಿದರು. ಸೋಂಕಿತರನ್ನು ದೂರ ಇರಿಸುವ ಕಂಪನಿಯ ಪ್ರಯತ್ನ ಫಲಿಸಲಿಲ್ಲ. ಕೊನೆಗೆ ಸರ್ವರ್‌ಗಳನ್ನು ನಿಲ್ಲಿಸಿ ಮತ್ತೆ ಶುರು ಮಾಡಿ, ಸಾಕುಪ್ರಾಣಿಗಳಿಗೆ ರೋಗ ತಗುಲದಂತೆ ತಿದ್ದಬೇಕಾಯಿತು. 2007ರಲ್ಲಿ ಲ್ಯಾನ್ಸೆಟ್ ಬಳಗದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಇದರ ಬಗ್ಗೆ ಲೇಖನವೇ ಬಂತು. ಗಮನಿಸಬೇಕಾದದ್ದು ಇಷ್ಟು: ಆ ದೋಷ ಯಾರದೋ ಒಬ್ಬರ ಕಂಪ್ಯೂಟರಿನಲ್ಲಿ ಇರಲಿಲ್ಲ. ‘ನಾನು ತಿದ್ದುಪಡಿ ಹಾಕಿಕೊಳ್ಳುವುದಿಲ್ಲ, ಹಳೆಯದೇ ಇರಲಿ’ ಎಂದು ಒಬ್ಬ ಹಟ ಹಿಡಿದಿದ್ದರೆ ಊರಿಗೆಲ್ಲ ಬೇನೆ.

ಇನ್ನು ಬಂದೂಕಿನ ಬಲ ಹೆಚ್ಚುಕಡಿಮೆ ಮಾಡುವ ಪ್ಯಾಚುಗಳು. ಎಲ್ಲರೂ ಒಂದೇ ಆಯುಧ ಹಿಡಿಯತೊಡಗಿದರೆ ಆಟ ಸಪ್ಪೆಯಾಗುತ್ತದೆ, ಆಗ ಅದನ್ನು ಕುಗ್ಗಿಸುತ್ತಾರೆ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದಲ್ಲಿ ಇದು ಹೆಚ್ಚೂಕಡಿಮೆ ಎರಡು ವಾರಗಳಿಗೊಮ್ಮೆ ನಡೆಯುತ್ತದೆ. ಇಂಥ ಅಂಕಿಗಳು ಸರ್ವರ್‌ನಲ್ಲೇ ಇದ್ದರೆ ನಿಮ್ಮ ಡೇಟಾ ಒಂದಿಷ್ಟೂ ಖರ್ಚಾಗುವುದಿಲ್ಲ. ಡೇಟಾ ತಿನ್ನುವುದು ಹೊಸ ಉಡುಪು, ಹೊಸ ಮ್ಯಾಪ್, ಹೊಸ ಸಂಗೀತ. ಅವು ಬರುವುದು ನಿಮ್ಮ ಮಕ್ಕಳು ಇನ್ನೊಂದು ಸೀಸನ್ ಪಾಸ್, ಅಂದರೆ ಆ ಅವಧಿಯ ಬಹುಮಾನಗಳಿಗೆ ದುಡ್ಡು ಕೊಟ್ಟು ಪಡೆಯುವ ಚೀಟಿ, ಕೊಳ್ಳಲಿ ಎಂದು. ಇದನ್ನೇ ಮೇಲೆ ವ್ಯಾಪಾರ ಎಂದದ್ದು. ಕೆಲವೊಮ್ಮೆ ಹಬ್ಬದ ದಿನ ಏನನ್ನೂ ಇಳಿಸಿಕೊಳ್ಳದೆ ಆಟದಲ್ಲಿ ಹಣತೆಗಳು ಹೊತ್ತಿಕೊಳ್ಳುತ್ತವೆ. ಪವಾಡವೇನಲ್ಲ, ಹಣತೆಗಳು ಹಿಂದಿನ ತಿಂಗಳ ಅಪ್‌ಡೇಟಿನಲ್ಲೇ ನಿಮ್ಮ ಖರ್ಚಿನಲ್ಲಿ ಬಂದು ಕೂತಿದ್ದವು, ಸರ್ವರ್ ಆ ದಿನ ಗುಂಡಿ ಒತ್ತಿತು, ಅಷ್ಟೆ.

ಉದಾಸೀನಕ್ಕೆ ನನ್ನ ಮೆಚ್ಚಿನ ಉದಾಹರಣೆ ಜಿಟಿಎ ಆನ್‌ಲೈನ್. 2013ರಲ್ಲಿ ಬಂದ ಆ ಆಟ ತೆರೆದುಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತಿತ್ತು, ಜನ ವರ್ಷಗಟ್ಟಲೆ ಗೊಣಗಿದರು. 2021ರಲ್ಲಿ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ಒಳಹೊಕ್ಕು ನೋಡಿದ. ಆಟದೊಳಗೆ ಮಾರುವ ವಸ್ತುಗಳ ಪಟ್ಟಿ ಹತ್ತು ಎಂಬಿಯಷ್ಟಿತ್ತು, ಅದರಲ್ಲಿ ಸುಮಾರು 63,000 ನಮೂದುಗಳು. ಒಂದೊಂದು ತುಣುಕನ್ನು ಓದುವಾಗಲೂ ಪ್ರೋಗ್ರಾಂ ಉಳಿದ ಪಟ್ಟಿಯ ಉದ್ದವನ್ನು ಕೊನೆಯವರೆಗೂ ಅಳೆದು ಬರುತ್ತಿತ್ತು. ಎಪಿಎಂಸಿಯಲ್ಲಿ ಪ್ರತಿ ಚೀಲ ತೂಗುವ ಮುನ್ನವೂ ಹಮಾಲ ಅಂಗಳದಲ್ಲಿ ಉಳಿದ ಚೀಲಗಳನ್ನೆಲ್ಲ ಎಣಿಸಿ ಬಂದಂತೆ. ಆತ ತಿದ್ದಿದಾಗ ಕಾಯುವ ಹೊತ್ತು ಸುಮಾರು ಶೇಕಡಾ 70ರಷ್ಟು ಇಳಿಯಿತು. ಕಂಪನಿ ಒಪ್ಪಿಕೊಂಡು ಮಾರ್ಚ್‌ನಲ್ಲಿ ಪ್ಯಾಚ್ ಹೊರಡಿಸಿತು, ಆತನಿಗೆ 10,000 ಡಾಲರ್ ಕೊಟ್ಟಿತು. ಅಷ್ಟು ವರ್ಷ ಬಂದ ಅಪ್‌ಡೇಟುಗಳಲ್ಲಿ ಹೊಸ ಕಾರುಗಳಿಗೆ ಮಾತ್ರ ಯಾವತ್ತೂ ಬರ ಇರಲಿಲ್ಲ.

ಅಪ್‌ಡೇಟ್ ಅಷ್ಟು ದೊಡ್ಡದಾಗಿರುವುದಕ್ಕೂ ಈ ಉದಾಸೀನ ಅಲ್ಪಸ್ವಲ್ಪ ಕಾರಣ. ಹಳೆಯ ಮತ್ತು ಹೊಸ ಕಡತಗಳ ನಡುವಿನ ವ್ಯತ್ಯಾಸವನ್ನಷ್ಟೇ ಕಳುಹಿಸುವ ವಿಧಾನ ಹೊಸದೇನಲ್ಲ. 2003ರಲ್ಲಿ ಕಾಲಿನ್ ಪರ್ಸಿವಲ್ ರೂಪಿಸಿದ ಬಿಎಸ್‌ಡಿಫ್ ಎಂಬ ವಿಧಾನವನ್ನು 2016ರಿಂದ ಪ್ಲೇ ಸ್ಟೋರ್ ಬಳಸತೊಡಗಿತು. ಕಂಪ್ಯೂಟರಿನಲ್ಲಿ ಆಟ ಮಾರುವ ಸ್ಟೀಮ್ ಪ್ರತಿ ಕಡತವನ್ನು ಸುಮಾರು ಒಂದು ಎಂಬಿಯ ತುಂಡುಗಳಾಗಿ ಕತ್ತರಿಸಿ ಬದಲಾದ ತುಂಡನ್ನು ಮಾತ್ರ ಇಳಿಸುತ್ತದೆ. ತೊಡಕು ಎಲ್ಲಿ ಬರುತ್ತದೆಂದರೆ, ಆಟದವರು ಸಾವಿರಾರು ಚಿತ್ರ, ಧ್ವನಿಗಳನ್ನು ಒಂದೇ ದೊಡ್ಡ ಗಂಟಿನಲ್ಲಿ ಕಟ್ಟಿರುತ್ತಾರೆ. ಊಟದ ಪಂಕ್ತಿಯ ನಡುವೆ ಒಬ್ಬರು ಬಂದು ಕೂತರೆ ಮುಂದಿನವರೆಲ್ಲ ಸರಿಯಬೇಕಲ್ಲವೇ? ಹಾಗೆ ಒಂದು ಚಿತ್ರ ನಡುವೆ ಸೇರಿದಾಗ, ಯಾವ ಚಿತ್ರ ಎಷ್ಟನೆಯ ಜಾಗದಲ್ಲಿದೆ ಎಂಬ ಲೆಕ್ಕವನ್ನು ಗಂಟಿನ ತುಂಬ ಅಲ್ಲಲ್ಲಿ ಬರೆದಿಟ್ಟಿದ್ದರೆ, ಆ ತುಂಡುಗಳೆಲ್ಲ ‘ಬದಲಾದವು’ ಎಂದು ಕಾಣಿಸುತ್ತವೆ. ಹೊಸಬರಿಗೆ ಬೇರೆ ಪಂಕ್ತಿಯನ್ನೇ ಹಾಕಿ ಎಂದು ಸ್ಟೀಮ್ ತಯಾರಕರಿಗೆ ಬುದ್ಧಿ ಹೇಳುತ್ತಲೇ ಇದೆ. ಕೇಳುವವರು ಕೇಳುತ್ತಾರೆ.

ಹಾಗಾದರೆ ಹಳೆಯದನ್ನು ಉಳಿಸಿಕೊಡುವುದು ಅಸಾಧ್ಯವೇ? ಅಲ್ಲ. ಮೈನ್‌ಕ್ರಾಫ್ಟ್ ಎಂಬ ಆಟದ, ಕಂಪ್ಯೂಟರಿನಲ್ಲಿ ಆಡುವ ‘ಜಾವಾ’ ರೂಪದಲ್ಲಿ ವರ್ಷಗಳ ಹಿಂದಿನ ಆವೃತ್ತಿಯನ್ನೂ ಆರಿಸಿಕೊಂಡು ಆಡಬಹುದು, ಏಕೆಂದರೆ ಅಲ್ಲಿ ಸರ್ವರನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲೇ ನಡೆಸಬಹುದು. ಎರಡೂ ಕಡೆಯ ಆವೃತ್ತಿ ಹೊಂದಿದರೆ ಸಾಕು. ವಾರ್‌ಕ್ರಾಫ್ಟಿನ ಅಭಿಮಾನಿಗಳು ಹಳೆಯ ಆಟಕ್ಕಾಗಿ ತಾವೇ ನಡೆಸುತ್ತಿದ್ದ ಒಂದು ದೊಡ್ಡ ಸರ್ವರ್ ಕಂಪನಿಯ ಕಾನೂನು ನೋಟಿಸಿನಿಂದ 2016ರಲ್ಲಿ ಮುಚ್ಚಿತು. 2019ರ ಆಗಸ್ಟಿನಲ್ಲಿ ಕಂಪನಿಯೇ ಹಳೆಯ 1.12 ಆವೃತ್ತಿಯನ್ನು ಹೊಸ ಎಂಜಿನ್ (ಆಟವನ್ನು ನಡೆಸುವ ಮೂಲ ಪ್ರೋಗ್ರಾಂ) ಮೇಲೆ ಕೂರಿಸಿ ಬಿಟ್ಟಿತು. ಜನ ಸರತಿಯಲ್ಲಿ ನಿಂತು ಆಡಿದರು. ಆದರೆ ನೂರು ಜನ ಸೇರದ ಹೊರತು ಶುರುವಾಗದ ಆಟದಲ್ಲಿ ಪ್ರತಿ ಆವೃತ್ತಿಗೂ ಒಂದೊಂದು ಗುಂಪು ಮಾಡಿದರೆ ಎಲ್ಲರೂ ಕಾಯುತ್ತಲೇ ಕೂರಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಒಂದು ದಿನ ನಡೆದ ರಗಳೆ ದಿನವೂ ನಡೆದೀತು. ಈ ಮಾತಿನಲ್ಲಿ ಮಾತ್ರ ನಾನು ಕಂಪನಿಗಳ ಕಡೆ.

ಇನ್ನು ಜಾಗದ ಲೆಕ್ಕ. ತೇಪೆ ಹಾಕುವಾಗ ಫೋನ್ ಹಳೆಯ ಗಂಟನ್ನು ಅಲ್ಲಿಯೇ ಬಿಟ್ಟು, ಅದರ ಪಕ್ಕದಲ್ಲಿ ಹೊಸ ಗಂಟನ್ನು ಕಟ್ಟುತ್ತದೆ. ನಡುವೆ ಚಾರ್ಜ್ ಮುಗಿದರೂ ನೆಟ್‌ವರ್ಕ್ ಹೋದರೂ ಹಳೆಯದು ಉಳಿದಿರಲಿ ಎಂದು. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಹಳೆಯದನ್ನು ಅಳಿಸುತ್ತದೆ. ಅಲ್ಲಿಯವರೆಗೆ ಹಳೆಯ ಗಂಟು ತನ್ನ ಜಾಗ ಬಿಡುವುದಿಲ್ಲ; ಖಾಲಿ ಇರುವುದರಲ್ಲೇ ಇಳಿದ ತೇಪೆಯೂ ಹೊಸ ಗಂಟೂ ಹಿಡಿಸಬೇಕು, ಹೊಸ ಗಂಟು ತೇಪೆಗಿಂತ ದೊಡ್ಡದಿರಬಹುದು. ಆದ್ದರಿಂದ ಒಂದು ಜಿಬಿಯ ಅಪ್‌ಡೇಟಿಗೆ ಮೂರು ಜಿಬಿಯಾದರೂ ತೆರವು ಮಾಡಿಡಿ. ಜಾಗ ಸಾಲದೆಂದು ಆಟವನ್ನೇ ಅಳಿಸಿ ಮತ್ತೆ ಹಾಕಬೇಡಿ, ಆಗ ವ್ಯತ್ಯಾಸದ ಬದಲು ಇಡೀ ಆಟ ಇಳಿಯುತ್ತದೆ. ಆಡದ ಮ್ಯಾಪುಗಳನ್ನು ಅಳಿಸಿ. ಹಳೆಯ ಆವೃತ್ತಿ ಕೊಡುತ್ತೇವೆಂದು ಕಂಡಕಂಡಲ್ಲಿ ಸಿಗುವ ಫೈಲುಗಳನ್ನಂತೂ ಮುಟ್ಟಬೇಡಿ. ಹೇಗೂ ಸರ್ವರ್ ಒಳಗೆ ಬಿಡುವುದಿಲ್ಲ. ಪ್ಲೇ ಸ್ಟೋರಿನಲ್ಲಿ ‘ವೈಫೈ ಇದ್ದಾಗ ಮಾತ್ರ’ ಎಂದು ಆರಿಸಿಡಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಆಟ ತೆರೆದ ಮೇಲೆ ಒಳಗಿನಿಂದ ಇಳಿಯುವ ಮ್ಯಾಪು, ಉಡುಪುಗಳಿಗೆ ಆ ಕಟ್ಟಳೆ ಅನ್ವಯಿಸುವುದಿಲ್ಲ. ದಿನದ ಡೇಟಾ ಮುಗಿಸುವುದು ಹೆಚ್ಚಾಗಿ ಅವೇ. ಅದನ್ನು ತಡೆಯುವ ಗುಂಡಿ ಸಾಮಾನ್ಯವಾಗಿ ಆಟದ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಎಲ್ಲಿದೆ ಎಂದು ಚಿಕ್ಕವನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ.