ಅಜ್ಜನ ಫೋಟೋ ಮುಂದಕ್ಕೆ ಬಾಗಿರೋದು ಯಾಕೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಐನ್‌ಮನೆ, ಅಂದರೆ ಕುಟುಂಬದ ಮೂಲಮನೆ ಇದೆ. ಸುಣ್ಣ ಬಳಿಸಲು ಬಾಗಿಲ ಮೇಲಿನ ಹಳೇ ಫೋಟೋಗಳನ್ನೆಲ್ಲ ಇಳಿಸಿದ್ದೇವೆ. ಎಲ್ಲವೂ ಮುಂದಕ್ಕೆ ಬಾಗಿಕೊಂಡೇ ಇದ್ದವು. ಹಾಗೆ ಯಾಕೆ ಹಾಕುತ್ತಿದ್ದರು? ಈಗ ಗೋಡೆಗೆ ಒತ್ತಿ ನೇರವಾಗಿ ಹಾಕಬಹುದಾ?

ಹಾಕಬಹುದು, ಆದರೆ ಬೇಡ. ಹಾಗೆ ಹಾಕಿ ನಾನು ಒಂದು ಫೋಟೋ ಕಳೆದುಕೊಂಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಫೋಟೋ ಇರುವುದು ಬಾಗಿಲಿನ ಮೇಲೆ, ನೋಡುವವರು ಕೆಳಗೆ. ನೇರವಾಗಿ ತೂಗುಹಾಕಿದರೆ ಗಾಜಿನಲ್ಲಿ ಅಜ್ಜನ ಬದಲು ಎದುರಿನ ಕಿಟಕಿ ಹೊಳೆಯುತ್ತದೆ. ಸ್ವಲ್ಪ ಬಾಗಿಸಿದರೆ ಗಾಜಿಗೆ ಬೀಳುವುದು ಕೆಳಗಿನ ನೆಲದ ಮಬ್ಬು. ಆಗ ಮೀಸೆ, ಪೇಟ, ಸೊಂಟದ ಪೀಚೆಕತ್ತಿ ಎಲ್ಲ ನಿಚ್ಚಳ. ಐನ್‌ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಂಥ ಅರೆಗತ್ತಲಿನ ಜಾಗದಲ್ಲಿ ಈ ವ್ಯತ್ಯಾಸ ಜಾಸ್ತಿ ಗೊತ್ತಾಗುತ್ತದೆ. ಧೂಳು ಕೂಡ ಗಾಜಿನ ಮೇಲೆ ಅಷ್ಟಾಗಿ ಕೂರುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಇದ್ದ ರೂಢಿಯಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1780ರಿಂದ ಸಾಮರ್‌ಸೆಟ್ ಹೌಸ್‌ನಲ್ಲಿ ಚಿತ್ರಪ್ರದರ್ಶನ ನಡೆಸುತ್ತಿತ್ತು. ಅಲ್ಲಿನ ದೊಡ್ಡ ಕೋಣೆಯಲ್ಲಿ ಬಾಗಿಲಿನ ಎತ್ತರಕ್ಕೆ ಗೋಡೆ ಸುತ್ತ ಒಂದು ಪಟ್ಟಿ. ಅದರ ಮೇಲಿನ ಚಿತ್ರಗಳನ್ನೆಲ್ಲ ಮುಂದಕ್ಕೆ ಬಾಗಿಸುತ್ತಿದ್ದರು. ನಮ್ಮ ಹಳೇ ಮನೆಗಳಲ್ಲೂ ಬಾಗಿಲ ಮೇಲೊಂದು ಮರದ ರೀಪು, ಅದರ ಮೇಲೆ ಸಾಲಾಗಿ ಫೋಟೋಗಳು ಇರುತ್ತವೆ, ಅಲ್ವಾ?

ಅಂದಹಾಗೆ, ಕಟ್ಟು, ಅಂದರೆ ಚೌಕಟ್ಟು ಅನ್ನೋದು ಯಾವಾಗಲೂ ಹೀಗೆ ಬಿಡಿಯಾಗಿ ಇರಲಿಲ್ಲ. ಯುರೋಪಿನ ಹಳೇ ಚರ್ಚುಗಳ ಎಷ್ಟೋ ಚಿತ್ರಗಳಲ್ಲಿ ಹಲಗೆಯೂ ಚೌಕಟ್ಟೂ ಒಂದೇ ಮರ. ನಡುವೆ ಕೆತ್ತಿ ತಗ್ಗು ಮಾಡಿದರೆ ಅಂಚು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಅಂದರೆ ಬಡಗಿ ಚೌಕಟ್ಟು ಮುಗಿಸಿದ ಮೇಲೆಯೇ ಚಿತ್ರಕಾರನ ಸರದಿ! ಆಮೇಲೆ ಎರಡೂ ಬೇರೆಯಾದವು. ಗಾಜು ಸೇರಿಕೊಂಡದ್ದು ಇನ್ನೂ ತಡವಾಗಿ. ಎಣ್ಣೆಬಣ್ಣದ ಚಿತ್ರಕ್ಕೆ ಗಾಜು ಬೇಕಿರಲಿಲ್ಲ, ಕಾಗದದ ಫೋಟೋಗೆ ಬೇಕೇ ಬೇಕು. ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ತೆಗೆದರು, ಗಾಜು ಅಗ್ಗವಾಯಿತು. ಫೋಟೋ ಹರಡಿದ್ದೂ ಅದರ ಬೆನ್ನಿಗೇ. ನಮ್ಮ ದೇಶದಲ್ಲಿ ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಶುರು ಮಾಡಿದ ಮೇಲೆ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ಮನೆಮನೆಗೆ ಬಂದರು. ಬಂದವರಿಗೆಲ್ಲ ಕಟ್ಟು ಹಾಕಿಸಬೇಕಾಯಿತು.

ಈಗ ನನ್ನ ಕಥೆ. ಮಡಿಕೇರಿಯ ಮನೆಯಲ್ಲಿ ಅಜ್ಜನ ಫೋಟೋ ‘ಸೊಟ್ಟಗಿದೆ’ ಅಂತ ಹಳೇ ಹಗ್ಗ ಬಿಚ್ಚಿ, ಪಡುವಣ ಗೋಡೆಗೆ ಒತ್ತಿ ಹಾಕಿದೆ. ಜೋರು ಮಳೆಯ ಕಕ್ಕಡ ತಿಂಗಳು ಕಳೆಯಿತು. ಇಳಿಸಿ ನೋಡಿದರೆ ಹಿಂದಿನ ರಟ್ಟು ಒದ್ದೆ ಹಪ್ಪಳದ ಹಾಗೆ ಬಾಗಿತ್ತು. ಅಜ್ಜನ ಎಡಗೆನ್ನೆ ಗಾಜಿಗೆ ಅಂಟಿತ್ತು. ಹಳೇ ಕಪ್ಪುಬಿಳುಪು ಫೋಟೋ ಮೇಲೆ ಜಿಲೇಟಿನ್ ಪದರ ಇರುತ್ತದೆ. ತೇವ ಕುಡಿದರೆ ಅದೇ ಗೋಂದು. ನಾನು ಸುಮ್ನೆ ಇರದೆ ಎಳೆದೆ. ಕೆನ್ನೆ ಗಾಜಿನಲ್ಲೇ ಉಳಿಯಿತು. ನಿಮ್ಮದೂ ಅಂಟಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಬಾಗಿಸಿದ ಫೋಟೋ ಹಿಂದೆ ಗಾಳಿ ಆಡುತ್ತದೆ. ನಮ್ಮ ಮಳೆಗೆ ಅದೇ ದೊಡ್ಡ ಲಾಭ. ಹಗ್ಗ ಕಟ್ಟುವ ಬಳೆಗಳನ್ನು ಕಟ್ಟಿನ ಹಿಂಬದಿಯಲ್ಲಿ ಎಷ್ಟು ಕೆಳಗೆ ಹಾಕುತ್ತೀರೋ ಅಷ್ಟು ಜಾಸ್ತಿ ಬಾಗುತ್ತದೆ. ಆದರೆ ನಡುಮಟ್ಟಕ್ಕಿಂತ ಕೆಳಗೆ ಬೇಡ, ಮಗುಚೀತು. ಹಿಂಬದಿಯ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿ, ಕಟ್ಟು ಗೋಡೆಗೆ ತಾಗುವುದಿಲ್ಲ. ಗಾಜಿಗೂ ಫೋಟೋಗೂ ನಡುವೆ ದಪ್ಪ ರಟ್ಟಿನ ಅಂಚು ಹಾಕಿಸಿ. ಅದು ಬರೀ ಚಂದಕ್ಕಲ್ಲ, ಎರಡೂ ತಾಗದ ಹಾಗೆ ನೋಡಿಕೊಳ್ಳುತ್ತದೆ.

ಹಿಂದಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿದರೆ ಮಾತ್ರ ಮರಿ ಹಾರುವ ತನಕ ಧೂಳು ಒರೆಸುವ ಹಾಗಿಲ್ಲ.