ದುಬೈಯಲ್ಲೂ ರೂಪಾಯಿ ನಡೆಯುತ್ತಿದ್ದ ಕಾಲದಿಂದ

ಭಟ್ಕಳದಲ್ಲಿ ಮಗನೋ ಅಳಿಯನೋ ದುಬೈಯಲ್ಲಿರುವ ಮನೆಗಳಲ್ಲಿ ‘ಇವತ್ತು ದಿರ್ಹಂ ಎಷ್ಟಿದೆ?’ ಅನ್ನುವುದು ದಿನದ ಮಾತು. ರೂಪಾಯಿ ಇಳಿದರೆ ಮನೆಗೆ ಬರುವ ದುಡ್ಡು ಜಾಸ್ತಿ. ಆದರೆ ಡಾಲರ್ ಎದುರು ದಿರ್ಹಂ ಅಲುಗಾಡುವುದೇ ಇಲ್ಲ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಂ, ಅಷ್ಟೇ. ಏರುವುದು, ಇಳಿಯುವುದು ನಮ್ಮ ರೂಪಾಯಿ.

ಮೊದಲು ಹೀಗಿರಲಿಲ್ಲ. ಒಂದು ಕಾಲದಲ್ಲಿ ದುಬೈಯಲ್ಲಿ ನಡೆಯುತ್ತಿದ್ದದ್ದೂ ರೂಪಾಯಿಯೇ! ಅಲ್ಲಿ ರೂಪಾಯಿ ಕೊಟ್ಟು ಚಿನ್ನ ಕೊಂಡು ಇಲ್ಲಿಗೆ ಕಳ್ಳಸಾಗಿಸುವುದು ಮಿತಿಮೀರಿದ್ದರಿಂದ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟು ತಂದಿತು. ಬೆಲೆ ಮಾತ್ರ ನಮ್ಮ ರೂಪಾಯಿಯದ್ದೇ. 1966ರ ಜೂನ್ 6ರಂದು ಸರ್ಕಾರ ಡಾಲರಿನ ಬೆಲೆಯನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿತು. ದೆಹಲಿಯ ತೀರ್ಮಾನಕ್ಕೆ ಕೊಲ್ಲಿಯವರ ಜೇಬು ಹಗುರವಾಯಿತು. ಸುಮ್ನಿರುತ್ತಾರಾ? ದುಬೈ, ಕತಾರ್ ಎರಡೂ ರೂಪಾಯಿ ಬಿಟ್ಟು ರಿಯಾಲ್ ಹಿಡಿದವು. ದಿರ್ಹಂ ಬಂದದ್ದು 1973ರಲ್ಲಿ.

ಇತ್ತ ನಮ್ಮಲ್ಲಿ ದರ ಸರ್ಕಾರದ ಕೈಯಲ್ಲೇ ಉಳಿಯಿತು. ಮೊದಲು ರೂಪಾಯಿಯನ್ನು ಪೌಂಡಿಗೆ ಕಟ್ಟಿದ್ದರು, ಅಂದರೆ ಒಂದು ಪೌಂಡಿಗೆ ಇಷ್ಟೇ ರೂಪಾಯಿ ಎಂದು. 1975ರಿಂದ ಹಲವು ದೇಶಗಳ ಕರೆನ್ಸಿಗಳ ಸರಾಸರಿಗೆ ಕಟ್ಟಿದರು.

ದರ ಕಟ್ಟಿಹಾಕಬೇಕಾದರೆ ಕೇಳಿದವರಿಗೆ ಆ ದರಕ್ಕೆ ಡಾಲರ್ ಕೊಡಬೇಕು. ತೈಲ ಮಾರುವ ದೇಶಕ್ಕೆ ಅದು ಕಷ್ಟವಲ್ಲ. ತೈಲ ಕೊಳ್ಳುವ ನಮಗೆ ಕಷ್ಟ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ತೈಲದ ಬೆಲೆ ಏರಿತು, ಅಲ್ಲಿ ದುಡಿಯುತ್ತಿದ್ದವರು ಬರಿಗೈಯಲ್ಲಿ ಊರಿಗೆ ಬಂದರು. 1991ರ ಬೇಸಿಗೆಗೆ ದೇಶದ ಬಳಿ ಎರಡು-ಮೂರು ವಾರದ ಆಮದಿಗಷ್ಟೇ ಸಾಲುವ ಡಾಲರ್ ಉಳಿದಿತ್ತು. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಬೆಲೆ ಇಳಿಸಿದರು. ಅದೇ ತಿಂಗಳು ಸುಮಾರು 47 ಟನ್ ಚಿನ್ನ ಅಡಮಾನಕ್ಕೆ ಹೋಯಿತು.

ಜನರಿಗೆ ನೆನಪಿರುವುದು ಚಿನ್ನದ ಕಥೆ. ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು 1992ರ ಮಾರ್ಚಿನ ಏರ್ಪಾಡು. ಹೊರಗಿಂದ ಬಂದ ಡಾಲರಿನಲ್ಲಿ 40 ಪಾಲು ಸರ್ಕಾರದ ದರಕ್ಕೆ, 60 ಪಾಲು ಮಾರುಕಟ್ಟೆ ದರಕ್ಕೆ. ಮಾರುಕಟ್ಟೆಯಲ್ಲಿ ಡಾಲರಿಗೆ ಜಾಸ್ತಿ ಸಿಗುತ್ತಿತ್ತು. ಹಾಗಾಗಿ ಸೀಗಡಿ ರಫ್ತು ಮಾಡುವವರಿಗೂ ಕೊಲ್ಲಿಯಿಂದ ದುಡ್ಡು ಕಳಿಸುವವರಿಗೂ ಆ 40 ಪಾಲು ಒಂಥರಾ ತೆರಿಗೆಯೇ. ಅದರಿಂದ ಸಿಕ್ಕ ಅಗ್ಗದ ಡಾಲರಿನಲ್ಲಿ ಸರ್ಕಾರ ತನ್ನ ಅಗತ್ಯದ ಆಮದು ನಡೆಸಿತು. ನ್ಯಾಯವಲ್ಲ, ನಿಜ. ಆದರೆ ಕಟ್ಟು ಒಮ್ಮೆಲೇ ಬಿಚ್ಚಿದ್ದರೆ ದರ ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ ಅಲ್ವಾ? ಒಂದು ವರ್ಷ ನೋಡಿ, 1993ರ ಮಾರ್ಚಿನಲ್ಲಿ ಎರಡೂ ದರ ಒಂದಾದವು. ಆಗ ಡಾಲರಿಗೆ ಸುಮಾರು 31 ರೂಪಾಯಿ. ಬ್ಯಾಂಕಿನಲ್ಲೇ ಒಳ್ಳೆ ದರ ಸಿಗುವಂತಾದ ಮೇಲೆ ಹವಾಲಾದ ಸೆಳೆತವೂ ತಗ್ಗಿತು.

ಹಾಗಂತ ಈಗಲೂ ರೂಪಾಯಿಯನ್ನು ಪೂರ್ತಿ ಬಿಟ್ಟಿಲ್ಲ. ತೀರಾ ಏರುಪೇರಾದರೆ ರಿಸರ್ವ್ ಬ್ಯಾಂಕು ಡಾಲರ್ ಮಾರುತ್ತದೆ, ಇಲ್ಲವೇ ಕೊಳ್ಳುತ್ತದೆ.

ಘಟ್ಟದ ಮೇಲೆ ಲೆಕ್ಕ ಬೇರೆ. ರೂಪಾಯಿ ಇಳಿದರೆ ವಿಯೆಟ್ನಾಂ, ಶ್ರೀಲಂಕಾದ ಕಾಳುಮೆಣಸು ಇಲ್ಲಿ ದುಬಾರಿ, ಶಿರಸಿಯ ಬೆಳೆಗಾರನಿಗೆ ಅಷ್ಟು ಸಮಾಧಾನ. ಆದರೆ ಅವನ ಅಡಿಕೆ ತೋಟಕ್ಕೆ ಬೇಕಾದ ಪೊಟ್ಯಾಷ್ ಹೊರದೇಶದಿಂದಲೇ ಬರಬೇಕು. ಅದಕ್ಕೂ ಡಾಲರಿನಲ್ಲೇ ದುಡ್ಡು ಕಟ್ಟಬೇಕು.