ಆರು ನಿಮಿಷದ ಕರೆಂಟ್ ಲೆಕ್ಕ

ಬ್ಯಾಟರಿ ಪ್ಯಾಕ್‌ಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ವಾರವಿಡೀ ಲ್ಯಾಬಿನಲ್ಲಿ ಅದನ್ನೇ ಮಾಡಿ, ಭಾನುವಾರ ಮತ್ತೆ ಬ್ಯಾಟರಿ ಹಿಡಿದುಕೊಂಡು ಕೆರೆಗೆ ಓಡುತ್ತೀರಲ್ಲ ಎಂದು ಮನೆಯಲ್ಲಿ ನಗುತ್ತಾರೆ. ಜರ್ಮನಿಗೆ ಬಂದ ಮೇಲೆ ಅಂಟಿಕೊಂಡ ಹುಚ್ಚು ಇದು: ರಿಮೋಟಿನಲ್ಲಿ ಓಡುವ ಎಲೆಕ್ಟ್ರಿಕ್ ಮಾಡೆಲ್ ಬೋಟುಗಳ ರೇಸು. ಊರಿಂದ ಬಂದ ಗೆಳೆಯರು ನೋಡಿದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. 'ಜೋರಾಗಿ ಓಡಿಸಿದವನು ಗೆಲ್ತಾನೆ, ಅಷ್ಟೇ ಅಲ್ವಾ?'

ಅಷ್ಟೇ ಅಲ್ಲ. ಇಲ್ಲಿ ಯಾವುದಕ್ಕೆ ಮಿತಿ ಹಾಕಿದ್ದಾರೆ ಎಂದು ಮೊದಲು ನೋಡಬೇಕು. ಬೋಟನ್ನು ಹೇಗೆ ಓಡಿಸಬೇಕು ಎನ್ನುವುದು ಆಮೇಲಿನ ಮಾತು.

ಈ ಆಟದ ಅಂತರರಾಷ್ಟ್ರೀಯ ಸಂಘಟನೆ ನಾವಿಗಾ. 1959ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶುರುವಾಯಿತು. ಅದರ ಕೈಕೆಳಗೆ ಎಂಜಿನ್ ಬೋಟುಗಳ ದೂರದ ಓಟಗಳಿವೆ. ಎಫ್‌ಎಸ್‌ಆರ್-ವಿ ಎನ್ನುತ್ತಾರೆ. ಇಂಗ್ಲಿಷಿನ ಎಂ ಅಕ್ಷರದ ಆಕಾರದಲ್ಲಿ ತೇಲುವ ಚೆಂಡುಗಳನ್ನು ಕಟ್ಟಿರುತ್ತಾರೆ. ಒಂದೇ ಸಲಕ್ಕೆ 12 ಬೋಟುಗಳವರೆಗೂ ನೀರಿಗಿಳಿಯುತ್ತವೆ. ಮೊದಲ ಸುತ್ತಿನ ಓಟಗಳು 20 ನಿಮಿಷ, ಫೈನಲ್ 30 ನಿಮಿಷ. ನಡುವೆ ಬೋಟನ್ನು ದಡಕ್ಕೆ ತಂದು ಇಂಧನ ತುಂಬಿಸಿಕೊಳ್ಳಬಹುದು. ಅದಕ್ಕೆಂದೇ ಪಕ್ಕದಲ್ಲಿ ಒಬ್ಬ ಸಹಾಯಕ ಇರುತ್ತಾನೆ. ಸದ್ದು, ಹೊಗೆ, ಎಣ್ಣೆ ವಾಸನೆ, ಕಿರುಚಾಟ. ಜಾತ್ರೆಯೇ ಸರಿ.

ಎಲೆಕ್ಟ್ರಿಕ್ ಬೋಟಿನ ಓಟ ನೋಡಲು ಇದಕ್ಕಿಂತ ತಣ್ಣಗೆ. ತಲೆನೋವು ಮಾತ್ರ ಜಾಸ್ತಿ. ನಾನು ಓಡಿಸುವುದು ಎಕೋ ಎಕ್ಸ್‌ಪರ್ಟ್ ಎಂಬ ವರ್ಗದ ಬೋಟು. ಮೂರು ಚೆಂಡುಗಳ ತ್ರಿಕೋನವನ್ನು 6 ನಿಮಿಷದಲ್ಲಿ ಯಾರು ಹೆಚ್ಚು ಸಲ ಸುತ್ತುತ್ತಾರೋ ಅವರು ಗೆದ್ದರು. ಮೋಟರು ಯಾವುದೇ ಇರಲಿ. ಬ್ಯಾಟರಿ ಮಾತ್ರ ಎರಡು ಸೆಲ್ಲಿನ ಲಿಥಿಯಂ ಪಾಲಿಮರ್, ತೂಕ 280 ಗ್ರಾಂ ದಾಟುವ ಹಾಗಿಲ್ಲ. ನಡುವೆ ಬದಲಾಯಿಸುವ ಹಾಗೂ ಇಲ್ಲ. ರೇಸು ಮುಗಿಯುವವರೆಗೆ ಕೈಯಲ್ಲಿರುವುದು ಅಷ್ಟೇ ಬುತ್ತಿ.

ಈಗ ಲೆಕ್ಕ ಹಾಕೋಣ. ಪ್ಯಾಕ್ 5000 ಎಂಎಎಚ್ (ಮಿಲಿಆಂಪಿಯರ್-ಅವರ್) ಸಾಮರ್ಥ್ಯದ್ದು ಅಂದುಕೊಳ್ಳಿ. ಅಂದರೆ ಒಂದು ಗಂಟೆ 5 ಆಂಪಿಯರ್ ಕೊಡುತ್ತದೆ. 6 ನಿಮಿಷ ಎಂದರೆ ಗಂಟೆಯ ಹತ್ತನೇ ಒಂದು ಭಾಗ. ಹಾಗಾಗಿ ಪೂರ್ತಿ ಖಾಲಿ ಮಾಡಿದರೆ 50 ಆಂಪಿಯರ್ ಸಿಗುತ್ತದೆ. ಆದರೆ ಪೂರ್ತಿ ಖಾಲಿ ಮಾಡುವಂತಿಲ್ಲ. ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗಿಂತ ಕೆಳಗೆ ಹೋದರೆ ಸೆಲ್ ಹಾಳು. ಐದನೇ ಒಂದು ಪಾಲು ಉಳಿಸಿಕೊಂಡರೆ ಸರಾಸರಿ 40 ಆಂಪಿಯರ್, ಸುಮಾರು 300 ವಾಟ್. ಅಡುಗೆಮನೆ ಮಿಕ್ಸಿಯ ಅರ್ಧದಷ್ಟು ಶಕ್ತಿ, ಅಂಗೈ ಮೇಲೆ ಕೂರುವ ಬ್ಯಾಟರಿಯಿಂದ.

ಈ ಲೆಕ್ಕದಲ್ಲಿ ಒಂದು ಸುತ್ತಿಗೆ 12 ಸೆಕೆಂಡ್ ಬೀಳುತ್ತದೆ ಎಂದಿಟ್ಟುಕೊಳ್ಳಿ. 6 ನಿಮಿಷಕ್ಕೆ 30 ಸುತ್ತು. ಪಕ್ಕದವನನ್ನು ನೋಡಿ ಆಸೆಯಾಗುತ್ತದೆ, ಇನ್ನು ಹತ್ತು ಪರ್ಸೆಂಟ್ ಜೋರಾಗಿ ಓಡಿಸಿ 33 ಮಾಡೋಣ ಎಂದು. ಪ್ರೊಪೆಲ್ಲರ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದನ್ನು ತಿರುಗಿಸಲು ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ (ವೇಗ × ವೇಗ × ವೇಗ) ತಕ್ಕಂತೆ ಏರುತ್ತದೆ. ಹತ್ತು ಪರ್ಸೆಂಟ್ ವೇಗಕ್ಕೆ ಮೂವತ್ತಮೂರು ಪರ್ಸೆಂಟ್ ಶಕ್ತಿ. 40 ಆಂಪಿಯರ್ 53 ಆಯಿತು. ಪ್ಯಾಕಿನ ಕೊನೆಯ ಹತ್ತನೇ ಪಾಲನ್ನು ಇಷ್ಟು ಎಳೆತದಲ್ಲಿ ನಂಬುವಂತಿಲ್ಲ. ವೋಲ್ಟೇಜ್ ಕುಸಿದು, ಮೋಟರಿಗೆ ಕರೆಂಟ್ ಅಳೆದು ಕೊಡುವ ಸ್ಪೀಡ್ ಕಂಟ್ರೋಲರ್ ತಾನಾಗಿ ಮೋಟರ್ ನಿಲ್ಲಿಸುತ್ತದೆ. ಐದು ನಿಮಿಷಕ್ಕೇ ಆಟ ಮುಗಿಯಿತು, ಪೂರ್ತಿಯಾದದ್ದು 27 ಸುತ್ತು. ನಿಧಾನದವನು ಗೆದ್ದ.

ಮೊದಲ ವರ್ಷ ನನಗೆ ಆದದ್ದು ಇದೇ. ಬ್ಯಾಟರಿ ಎಂಜಿನಿಯರ್ ಎಂಬ ಜಂಬ ಬೇರೆ. ನಾಲ್ಕೂವರೆ ನಿಮಿಷ ಎಲ್ಲರಿಗಿಂತ ಮುಂದಿದ್ದ ಬೋಟು ಆಮೇಲೆ ಕೆರೆ ಮಧ್ಯೆ ಎಮ್ಮೆ ಕೂತ ಹಾಗೆ ಕೂತುಬಿಟ್ಟಿತು. ಉಳಿದವರು ಅದರ ಸುತ್ತ ಓಡಿಸಿಕೊಂಡು ಹೋಗುತ್ತಿದ್ದರು. ನಾನು ಸುಮ್ನೆ ರಿಮೋಟ್ ಹಿಡಿದು ನಿಂತಿದ್ದೆ.

ಹಾಗಾದರೆ ಸರಿಯಾದ ವೇಗ ಯಾವುದೆಂದು ಗೊತ್ತಾಗುವುದು ಹೇಗೆ? ಕೆರೆಯಲ್ಲಲ್ಲ, ಚಾರ್ಜರಿನಲ್ಲಿ. ಓಟ ಮುಗಿದ ಮೇಲೆ ಪ್ಯಾಕನ್ನು ಚಾರ್ಜಿಗೆ ಹಾಕಿ, ಎಷ್ಟು ಎಂಎಎಚ್ ವಾಪಸ್ ಹೋಯಿತು ಎಂದು ಬರೆದಿಡಿ. 5000ದ ಪ್ಯಾಕಿಗೆ 3000 ಹೋದರೆ ನೀವು ಅತಿ ಹುಷಾರಾಗಿದ್ದೀರಿ. 4000 ಆಸುಪಾಸು ಇದ್ದರೆ ಚೆನ್ನ. 4600 ಹೋದರೆ ಮುಂದಿನ ಸಲ ಗಾಳಿ ಸ್ವಲ್ಪ ಎದುರಾದರೂ ಬೋಟು ನಿಲ್ಲುತ್ತದೆ. ಈ ಅಂಕಿ ನೋಡಿಯೇ ಪ್ರೊಪೆಲ್ಲರ್ ಬದಲಾಯಿಸುವುದು. 40 ಮಿಲಿಮೀಟರಿನದನ್ನು ತೆಗೆದು ಅದೇ ಆಕಾರದ 42ರದ್ದು ಹಾಕಿದರೆ ಬರೀ 2 ಮಿಲಿಮೀಟರ್ ಅನಿಸುತ್ತದೆ. ಅದೇ ಆರ್‌ಪಿಎಂನಲ್ಲಿ ಅದು ಕಾಲು ಭಾಗಕ್ಕಿಂತ ಹೆಚ್ಚು ಶಕ್ತಿ ಕೇಳುತ್ತದೆ. ನನ್ನ ಪೆಟ್ಟಿಗೆಯಲ್ಲಿ ಪ್ರೊಪೆಲ್ಲರ್‌ಗಳು ಬಳೆ ಅಂಗಡಿಯ ಹಾಗೆ ಅಳತೆ ಪ್ರಕಾರ ಜೋಡಿಸಿವೆ.

ಓಡಿಸುವ ಕೈಯೂ ಕರೆಂಟ್ ಉಳಿಸುತ್ತದೆ. ಚೆಂಡಿನ ಹತ್ತಿರ ಬಂದು ತಟ್ಟನೆ ತಿರುಗಿಸಿದರೆ ರಡ್ಡರ್, ಅಂದರೆ ಚುಕ್ಕಾಣಿ, ಬ್ರೇಕ್ ಹಾಕಿದಂತೆ ನೀರನ್ನು ತಡೆಯುತ್ತದೆ. ಆಮೇಲೆ ಮತ್ತೆ ವೇಗ ಹಿಡಿಯಲು ಖರ್ಚು. ಬೇಗ ಶುರುಮಾಡಿ ದೊಡ್ಡದಾಗಿ ತಿರುಗುವವರ ಬೋಟು ನೋಡಲು ಸೋಮಾರಿ ಅನಿಸುತ್ತದೆ. ಕೊನೆಯ ನಿಮಿಷದಲ್ಲಿ ಅವರೇ ಮುಂದೆ.

ಇಷ್ಟೆಲ್ಲ ಕಲಿತು ನಾನು ಜಾಣನಾದೆ ಎಂದುಕೊಂಡಿದ್ದಾಗ ನಮ್ಮ ಕ್ಲಬ್ಬಿನಲ್ಲಿ ಒಂದು ಗಂಟೆಯ ಓಟ ಇಟ್ಟರು. ಇಲ್ಲಿ ಬ್ಯಾಟರಿ ಬದಲಾಯಿಸಬಹುದು, ಎಷ್ಟು ಸಲ ಬೇಕಾದರೂ. ನಾನು ಹಳೇ ಅಭ್ಯಾಸದಂತೆ ಜಿಪುಣತನ ಮಾಡಿದೆ. ಹತ್ತು ನಿಮಿಷ ಬರುವ ಪ್ಯಾಕನ್ನು ಹನ್ನೆರಡು ನಿಮಿಷ ಎಳೆದೆ. ಐದು ಸಲ ನಿಲ್ಲುವ ಬದಲು ನಾಲ್ಕೇ ಸಲ ನಿಂತೆ. ಒಂದು ಸಲ ನಿಲ್ಲಲು 40 ಸೆಕೆಂಡ್, ಮೂರು ಸುತ್ತು ಉಳಿಯಿತು. ಆದರೆ ಹನ್ನೆರಡು ನಿಮಿಷ ಎಳೆಯಲು ವೇಗ ಆರು ಪರ್ಸೆಂಟ್ ಇಳಿಸಬೇಕಾಯಿತು. ಗಂಟೆಗೆ ಮುನ್ನೂರರ ಹತ್ತಿರ ಸುತ್ತು ಬರುವಲ್ಲಿ ಅದು ಹದಿನಾರು, ಹದಿನೇಳು ಸುತ್ತಿನ ನಷ್ಟ. ಮೂರು ಉಳಿಸಲು ಹದಿನಾರು ಕಳೆದವನು ನಾನು. ಅದೇ ಬೋಟು, ಅದೇ ಕೈ. ನಿಯಮ ಬದಲಾದ ಕೂಡಲೇ ನನ್ನ ಬುದ್ಧಿವಂತಿಕೆ ತಲೆಕೆಳಗಾಯಿತು.

ಅಂಥ ಓಟದಲ್ಲಿ ಕರೆಂಟ್ ಉಳಿಸುವುದು ದಡ್ಡತನ. ಅಲ್ಲಿ ಮಿತಿ ಹಾಕುವುದು ಬಿಸಿ. ಮೋಟರು, ಕಂಟ್ರೋಲರ್ ತಣ್ಣಗಿರಲು ಸಣ್ಣ ಸಿಲಿಕೋನ್ ಪೈಪಿನಲ್ಲಿ ಕೆರೆ ನೀರೇ ಹರಿಯುತ್ತದೆ. ಒಂದು ಎಲೆಚೂರು ಸಿಕ್ಕಿಕೊಂಡರೆ ಮುಗಿಯಿತು. ಹಾಗಾಗಿ ಪ್ರತಿ ಸಲ ಬೋಟು ದಡಕ್ಕೆ ಬಂದಾಗ ಪೈಪಿಗೆ ಬಾಯಿಟ್ಟು ಊದುತ್ತೇವೆ. ಕೆರೆ ನೀರಿನ ರುಚಿ ಕೇಳಬೇಡಿ. ಇನ್ನು ಮುಚ್ಚಳ. ನೀರು ನುಗ್ಗದ ಹಾಗೆ ಸುತ್ತ ಟೇಪ್ ಹಚ್ಚಿರುತ್ತೇವೆ. ಒದ್ದೆ ಕೈಯಲ್ಲಿ ಅದನ್ನು ಕಿತ್ತು, ಒರೆಸಿ, ಹೊಸದು ಅಂಟಿಸುವುದರಲ್ಲೇ ಆ 40 ಸೆಕೆಂಡ್ ಹೋಗುವುದು. ಈಗ ನಾನು ಟೇಪನ್ನು ಮೊದಲೇ ಕತ್ತರಿಸಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿಟ್ಟಿರುತ್ತೇನೆ. ಹೋದ ಬೇಸಿಗೆಯಲ್ಲಿ 28 ಸೆಕೆಂಡಿಗೆ ಇಳಿಯಿತು. ಮೋಟರಿಗೆ ಸುರಿದ ದುಡ್ಡಿನಿಂದ ಇಷ್ಟು ಲಾಭ ಯಾವತ್ತೂ ಆಗಿರಲಿಲ್ಲ.

ಹೊಸಬರಿಗೆ ಇನ್ನೊಂದು ಮಾತು. ನಮ್ಮಲ್ಲಿ 6 ನಿಮಿಷಕ್ಕೆ ಸೀಟಿ ಊದಿದರೂ ಶುರುಮಾಡಿದ ಸುತ್ತನ್ನು ಮುಗಿಸಲೇಬೇಕು. ಇಬ್ಬರ ಸುತ್ತು ಸಮ ಇದ್ದರೆ ಆ ಸಮಯವೇ ತೀರ್ಮಾನ ಮಾಡುತ್ತದೆ. ಅಂದರೆ ಬ್ಯಾಟರಿ ಬರಬೇಕಾದದ್ದು 6 ನಿಮಿಷ 12 ಸೆಕೆಂಡ್. ಮೇಲಿನ ಲೆಕ್ಕದಲ್ಲಿ ಐದನೇ ಒಂದು ಪಾಲು ಉಳಿಸಿ ಎಂದೆನಲ್ಲ, ಅದರಲ್ಲಿ ಒಂದು ತುಣುಕು ಇದಕ್ಕೇ.